ಪಾಲ್ ಸ್ಕೀನ್ಸ್‌ಗೆ ಕೊನೆಗೂ ಮೇಜರ್ ಲೀಗ್ ಕರೆ: ಪೈರೇಟ್ಸ್ ಇಷ್ಟು ದಿನ ಕಾದದ್ದು ಯಾಕೆ?

ಮನ್ರೋವಿಲ್ ಮಂಜ | 8 ಮೇ 2024

ಬೇಸ್‌ಬಾಲ್ ಸುದ್ದಿ, ಪಕ್ಕಾ. ಮೇಜರ್ ಲೀಗ್ ಅಂದರೆ ಅಮೆರಿಕದ ಅತಿ ಮೇಲಿನ ಲೀಗ್. ಶನಿವಾರ 11ಕ್ಕೆ ಪಿಎನ್‌ಸಿ ಪಾರ್ಕ್‌ನಲ್ಲಿ ಶಿಕಾಗೋ ಕಬ್ಸ್ ಎದುರು ಪಾಲ್ ಸ್ಕೀನ್ಸ್ ಪಿಚ್ ಮಾಡುತ್ತಾನೆ, ಅಂದರೆ ಚೆಂಡು ಎಸೆಯುತ್ತಾನೆ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡವೇ ಇವತ್ತು ಹೇಳಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹುಡುಗನಿಗೆ ಇನ್ನೂ 21. ಆರಡಿ ಆರಿಂಚು ಎತ್ತರ. ಮೊದಲು ಏರ್‌ಫೋರ್ಸ್ ಅಕಾಡೆಮಿಯಲ್ಲಿದ್ದ. ಅಲ್ಲಿ ಪಿಚರ್ ಮಾತ್ರ ಅಲ್ಲ, ಕ್ಯಾಚರ್ ಕೂಡ ಆಗಿದ್ದ. ಆಮೇಲೆ ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿಗೆ ಬಂದ. 2023ರಲ್ಲಿ ಅಲ್ಲಿ 209 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಪಡೆದ, ಕಾಲೇಜ್ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ, ಅದರ ಅತ್ಯುತ್ತಮ ಆಟಗಾರನೂ ಅವನೇ. ಆ ಜುಲೈ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಕೂಗಿದ ಮೊದಲ ಹೆಸರು ಇವನದು. ಸಹಿ ಹಾಕಿದ್ದಕ್ಕೆ 92 ಲಕ್ಷ ಡಾಲರ್. ಅಲ್ಲಿಯವರೆಗೆ ಡ್ರಾಫ್ಟ್‌ನಲ್ಲಿ ಯಾರಿಗೂ ಅಷ್ಟು ಸಿಕ್ಕಿರಲಿಲ್ಲ.

ಈ ವರ್ಷ ಇಂಡಿಯಾನಾಪೊಲಿಸ್‌ನ ಟ್ರಿಪಲ್ ಎ (ಮೇಜರ್ ಲೀಗ್‌ಗಿಂತ ಒಂದೇ ಮೆಟ್ಟಿಲು ಕೆಳಗಿನ ಮೈನರ್ ಲೀಗ್) ತಂಡದಲ್ಲಿ 7 ಪಂದ್ಯ, 27 ಇನಿಂಗ್ಸ್ ಚಿಲ್ಲರೆ, 45 ಸ್ಟ್ರೈಕ್‌ಔಟ್. ಇಆರ್‌ಎ 0.99. ಅಂದರೆ 9 ಇನಿಂಗ್ಸ್‌ಗೆ ಒಂದು ರನ್ ಕೂಡ ಪೂರ್ತಿ ಕೊಟ್ಟಿಲ್ಲ.

ಇಂಥವನನ್ನು ಸೀಸನ್ ಶುರುವಾದ ಮಾರ್ಚ್ 28ಕ್ಕೇ ಕರೆಸಬೇಕಿತ್ತು. ಆರು ವಾರ ಬಚ್ಚಿಟ್ಟಿದ್ದು ಮಾಲೀಕರ ಜೇಬು ಉಳಿಸೋಕೆ ಅಂತ ನನ್ನ ವಾದ. ಬೇರೆ ಕಾರಣ ಇದ್ದರೆ ಹೇಳಿ, ಕೇಳೋಣ.

ಧಾರವಾಡ ಪೇಡಾ | 8 ಮೇ 2024

ಮಗಳು ಅಲ್ಲಿ ಓದುತ್ತಿದ್ದಾಳೆ, ಹಾಗಾಗಿ ನಾನೂ ಬೇಸ್‌ಬಾಲ್ ನೋಡೋಕೆ ಶುರು ಮಾಡಿದ್ದೇನೆ. ಒಂದು ತಿಳಿಯಲಿಲ್ಲರೀ. ನಮ್ಮಲ್ಲಿ ರಣಜಿಯಲ್ಲಿ ಚೆನ್ನಾಗಿ ಆಡಿದವನನ್ನು ಭಾರತ ತಂಡಕ್ಕೆ ತಡವಾಗಿ ತೆಗೆದುಕೊಂಡರೆ ಆಯ್ಕೆಗಾರರನ್ನು ಬೈಯುತ್ತೇವೆ. ಆದರೆ ಅದರಿಂದ ಯಾರಿಗೂ ದುಡ್ಡು ಉಳಿಯುವುದಿಲ್ಲ. ಇಲ್ಲಿ ಹೇಗೆ ಉಳಿಯುತ್ತದೆ? ಆ ಹುಡುಗನ ಸಂಬಳ ಅಷ್ಟು ಜಾಸ್ತಿಯಾ?

ಲೆಕ್ಕದ ಮೇಷ್ಟ್ರು | 8 ಮೇ 2024

ಸಂಬಳ ಜಾಸ್ತಿ ಅಲ್ಲ ಸರ್. ಈ ವರ್ಷ ಮೇಜರ್ ಲೀಗ್‌ನ ಕನಿಷ್ಠ ಸಂಬಳ 7,40,000 ಡಾಲರ್. ತಂಡಕ್ಕೆ ಅದು ಚಿಲ್ಲರೆ ಕಾಸು. ಆಟ ಇರುವುದು ದಿನದ ಲೆಕ್ಕದಲ್ಲಿ.

ಸೀಸನ್ ಸುಮಾರು 187 ದಿನ. ಅದರಲ್ಲಿ 172 ದಿನ ಮೇಜರ್ ಲೀಗ್ ತಂಡದಲ್ಲಿದ್ದರೆ ಒಂದು ವರ್ಷದ ಸರ್ವಿಸ್ ಬಂತು ಅಂತ ಲೆಕ್ಕ. ಇಂಥ ಆರು ವರ್ಷ ತುಂಬಿದರೆ ಆಟಗಾರ ಫ್ರೀ ಏಜೆಂಟ್, ಯಾರು ಜಾಸ್ತಿ ಕೊಡುತ್ತಾರೋ ಅಲ್ಲಿಗೆ ಹೋಗಬಹುದು. ಮೊದಲ ಮೂರು ವರ್ಷ ಸಾಮಾನ್ಯವಾಗಿ ತಂಡ ಕೊಟ್ಟಷ್ಟೇ. ಆಮೇಲೆ ಆರ್ಬಿಟ್ರೇಶನ್ (ಒಪ್ಪಂದ ಆಗದಿದ್ದರೆ ಮಧ್ಯಸ್ಥರು ಸಂಬಳ ತೀರ್ಮಾನಿಸುವುದು), ಸಂಬಳ ಏರುತ್ತಾ ಹೋಗುತ್ತದೆ.

ಈಗ ನೋಡಿ. ಶುರುವಿನಲ್ಲಿ ಎರಡು ಮೂರು ವಾರ ಮೈನರ್ ಲೀಗ್‌ನಲ್ಲಿ ಕೂರಿಸಿದರೆ 172 ತುಂಬುವುದಿಲ್ಲ. ಆ ಸೀಸನ್ ಪೂರ್ತಿ ವರ್ಷ ಅಂತ ಲೆಕ್ಕಕ್ಕೆ ಬರುವುದಿಲ್ಲ. ಆರು ವರ್ಷ ಅನ್ನುವುದು ಹೆಚ್ಚು ಕಡಿಮೆ ಏಳಾಗುತ್ತದೆ. ಸ್ಕೀನ್ಸ್ 2029ರ ಕೊನೆಗೆ ಬಿಡುಗಡೆ ಆಗುವ ಬದಲು 2030ರ ಕೊನೆಗೆ ಆಗುತ್ತಾನೆ. ಒಳ್ಳೆಯ ಪಿಚರ್‌ನ ಆ ಒಂದು ವರ್ಷಕ್ಕೆ ಕೋಟಿಗಟ್ಟಲೆ ಡಾಲರ್ ಬೆಲೆ.

ಆದರೆ ಮಂಜಣ್ಣ, ನಿಮ್ಮ ವಾದದಲ್ಲಿ ಒಂದು ತೊಡಕು ಇದೆ. ಬರೀ ಆ ಒಂದು ವರ್ಷಕ್ಕಾಗಿ ಆಗಿದ್ದರೆ ಏಪ್ರಿಲ್ ಮಧ್ಯದಲ್ಲೇ ಕರೆಸಬಹುದಿತ್ತು. ಅಷ್ಟು ಹೊತ್ತಿಗೆ ಕೆಲಸ ಮುಗಿದಿತ್ತು. ಇನ್ನೂ ಜಿಪುಣತನ ಮಾಡಬೇಕಿದ್ದರೆ ಜೂನ್‌ವರೆಗೆ ಕಾಯಬೇಕಿತ್ತು. ಆಗ ಆರ್ಬಿಟ್ರೇಶನ್ ಕೂಡ ಮುಂದಕ್ಕೆ ಹೋಗುತ್ತಿತ್ತು. ಮೇ 11 ಎರಡಕ್ಕೂ ಹೊಂದುವುದಿಲ್ಲ.

ಇಂಡಿ ಇಂದಿರಾ | 8 ಮೇ 2024

ನಾವು ಇರುವುದು ಇಂಡಿಯಾನಾಪೊಲಿಸ್. ಮಕ್ಕಳನ್ನು ಕಟ್ಟಿಕೊಂಡು ಇಲ್ಲಿನ ವಿಕ್ಟರಿ ಫೀಲ್ಡ್ ಮೈದಾನಕ್ಕೆ ಹೋಗಿ ಇವನನ್ನು ನೋಡಿದ್ದೇವೆ. ಮೂರು ಇನಿಂಗ್ಸ್ ಹಾಕಿದ, ಒಳಗೆ ಹೋದ. ಸುತ್ತ ಕೂತವರಲ್ಲಿ ಅರ್ಧ ಜನ ಎದ್ದು ಹಾಟ್‌ಡಾಗ್ ಕ್ಯೂಗೆ ಹೋದರು. ಆಟ ಇನ್ನೂ ಆರು ಇನಿಂಗ್ಸ್ ಬಾಕಿ ಇತ್ತು.

ಮೊದಲ ನಾಲ್ಕು ಪಂದ್ಯ ಹೀಗೇ. ಎಲ್ಲ ಸೇರಿಸಿದರೂ 12 ಇನಿಂಗ್ಸ್‌ಗಿಂತ ಸ್ವಲ್ಪ ಮೇಲೆ. ಒಂದೂ ರನ್ ಇಲ್ಲ, 27 ಸ್ಟ್ರೈಕ್‌ಔಟ್. ಬ್ಯಾಟ್ ಹಿಡಿದವರ ಮುಖ ನೋಡಿದರೆ ಅಯ್ಯೋ ಪಾಪ ಅನಿಸುತ್ತಿತ್ತು. ಅವನಿಗೆ ಅಲ್ಲಿ ಕಲಿಯೋಕೆ ಏನೂ ಇರಲಿಲ್ಲ. ಕೈಯನ್ನು ಎಣಿಸಿ ಎಣಿಸಿ ಖರ್ಚು ಮಾಡುತ್ತಿದ್ದರು, ಅಷ್ಟೇ.

ಫಿಸಿಯೋ ಅಕ್ಕ | 9 ಮೇ 2024

ಇಂದಿರಾ ಹೇಳಿದ್ದೇ ಮುಖ್ಯ ವಿಷಯ. ನನ್ನ ಕೆಲಸವೇ ಭುಜ, ಮೊಣಕೈ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗಂಟೆಗೆ 100 ಮೈಲಿ, ಅಂದರೆ ಸುಮಾರು 161 ಕಿಲೋಮೀಟರ್ ವೇಗದಲ್ಲಿ ಚೆಂಡು ಎಸೆದಾಗ ಮೊಣಕೈ ಒಳಬದಿಯ ಲಿಗಮೆಂಟ್ ಮೇಲೆ ಬೀಳುವ ಎಳೆತ ತುಂಬಾ ದೊಡ್ಡದು. ಅದು ಹರಿದರೆ ಟಾಮಿ ಜಾನ್ ಸರ್ಜರಿ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲು ಮಾಡಿದ್ದು, ಡಾಡ್ಜರ್ಸ್ ಪಿಚರ್ ಟಾಮಿ ಜಾನ್‌ಗೆ. ಮೈಯ ಬೇರೆ ಕಡೆಯಿಂದ ಸ್ನಾಯುರಜ್ಜು ತೆಗೆದು ಅಲ್ಲಿ ಕಟ್ಟುತ್ತಾರೆ. ಮತ್ತೆ ಪಿಚ್ ಮಾಡೋಕೆ ಒಂದು ವರ್ಷ, ಒಂದೂವರೆ ವರ್ಷ ಬೇಕು.

ಪಿಟ್ಸ್‌ಬರ್ಗ್‌ನವರಿಗೆ ಸ್ಟೀಫನ್ ಸ್ಟ್ರಾಸ್‌ಬರ್ಗ್ ನೆನಪಿರಬೇಕು. 2009ರ ಡ್ರಾಫ್ಟ್‌ನ ಮೊದಲ ಹೆಸರು. 2010ರ ಜೂನ್ 8ಕ್ಕೆ ವಾಷಿಂಗ್ಟನ್‌ನಲ್ಲಿ ಮೊದಲ ಪಂದ್ಯ. ಎದುರಾಳಿ ನಿಮ್ಮ ಪೈರೇಟ್ಸೇ. 14 ಸ್ಟ್ರೈಕ್‌ಔಟ್, ಒಂದೂ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಬಿಟ್ಟಿ ಬೇಸ್) ಇಲ್ಲ. ಆಗಸ್ಟ್‌ನಲ್ಲಿ ಕೈ ಹೋಯಿತು. 2012ರಲ್ಲಿ ವಾಪಸ್ ಬಂದು ಚೆನ್ನಾಗಿ ಆಡುತ್ತಿದ್ದಾಗ 159 ಇನಿಂಗ್ಸ್‌ಗೆ ಸಾಕು ಅಂತ ತಂಡವೇ ನಿಲ್ಲಿಸಿತು. ಪ್ಲೇಆಫ್ ಆಟ ಅವನಿಲ್ಲದೆ ಆಯಿತು, ಸೋತರು. 2019ರಲ್ಲಿ ವರ್ಲ್ಡ್ ಸೀರೀಸ್ ಎಂವಿಪಿ (ಅತ್ಯಂತ ಮೌಲ್ಯಯುತ ಆಟಗಾರ) ಆದ. 24.5 ಕೋಟಿ ಡಾಲರ್ ಒಪ್ಪಂದ ಸಿಕ್ಕಿತು. ಆಮೇಲೆ ಮೈ ಕೈಕೊಟ್ಟಿತು, ಕೆಲವೇ ಪಂದ್ಯ ಆಡಿದ.

ಹಾಗಂತ ಕಾದರೆ ಕೈ ಉಳಿಯುತ್ತದೆ ಅಂತಲೂ ಇಲ್ಲ. ಮಯಾಮಿಯ ಯೂರಿ ಪೆರೆಸ್ ನೋಡಿ. ಕಳೆದ ವರ್ಷ 20ನೇ ವಯಸ್ಸಿಗೆ ಮೇಜರ್ ಲೀಗ್‌ಗೆ ಬಂದ. ಇನಿಂಗ್ಸ್ ಉಳಿಸೋಕೆ ಅಂತ ಮಧ್ಯದಲ್ಲಿ ಕೆಳಗೆ ಕಳಿಸಿದರು. ಕಳೆದ ತಿಂಗಳು ಅವನಿಗೂ ಟಾಮಿ ಜಾನ್. ಕ್ಲೀವ್‌ಲ್ಯಾಂಡ್‌ನ ಪಿಚರ್ ಶೇನ್ ಬೀಬರ್‌ಗೂ ಅದೇ ತಿಂಗಳು. ಈ ವಿದ್ಯೆಯಲ್ಲಿ ಖಚಿತ ಸೂತ್ರ ಯಾರ ಹತ್ತಿರವೂ ಇಲ್ಲ.

ಮನ್ರೋವಿಲ್ ಮಂಜ | 9 ಮೇ 2024

ಅಕ್ಕಾ, ಒಪ್ಪುತ್ತೇನೆ. ಆದರೆ ಕೈ ಮೇಲೆ ಅಷ್ಟು ಪ್ರೀತಿ ಇದ್ದರೆ ನಮ್ಮ ಇನ್ನೊಬ್ಬ ಪಿಚರ್ ಜೇರಡ್ ಜೋನ್ಸ್‌ನನ್ನು ಯಾಕೆ ಮಾರ್ಚ್‌ನಲ್ಲೇ ಕರೆಸಿದರು? ಅವನಿಗೂ 22. ಅವನೂ 100 ಮೈಲಿ ಹತ್ತಿರ ಎಸೆಯುತ್ತಾನೆ. ಅದೇ ತಂಡ, ಅದೇ ಡಾಕ್ಟರ್.

ಲೆಕ್ಕದ ಮೇಷ್ಟ್ರು | 9 ಮೇ 2024

ಜೋನ್ಸ್ 2020ರ ಡ್ರಾಫ್ಟ್‌ನವನು. ಮೂರು ಸೀಸನ್ ಮೈನರ್ ಲೀಗ್‌ನಲ್ಲಿ ಐದು ದಿನಕ್ಕೊಮ್ಮೆ ಪಿಚ್ ಮಾಡಿ ಪಳಗಿದವನು. ಸ್ಕೀನ್ಸ್ ಕಾಲೇಜಿನಲ್ಲಿ ವಾರಕ್ಕೊಮ್ಮೆ ಎಸೆದವನು. ಡ್ರಾಫ್ಟ್ ಆದ ಮೇಲೆ ಕಳೆದ ವರ್ಷ ಪ್ರೊಫೆಷನಲ್ ಆಗಿ ಹಾಕಿದ್ದು 7 ಇನಿಂಗ್ಸ್ ಕೂಡ ಇಲ್ಲ. ವ್ಯತ್ಯಾಸ ಇದೆ. ಆದರೆ ಆ ವ್ಯತ್ಯಾಸ ತಂಡದ ಖಜಾನೆಗೂ ಅನುಕೂಲ ಆಯಿತು ಅನ್ನುವುದೂ ನಿಜ. ಎರಡೂ ಒಟ್ಟಿಗೆ ನಿಜ ಆಗಬಹುದು ಅಲ್ವಾ?

ರಿಗ್ಲಿ ರಾಯ | 9 ಮೇ 2024

ಶಿಕಾಗೋದಿಂದ ನಮಸ್ಕಾರ. ಈ ದಿನ ಎಣಿಸುವ ಕಲೆಯಲ್ಲಿ ನಮ್ಮ ಕಬ್ಸ್‌ಗೆ ಡಾಕ್ಟರೇಟ್ ಕೊಡಬೇಕು.

2015ರಲ್ಲಿ ಕ್ರಿಸ್ ಬ್ರಯಂಟ್ ಸೀಸನ್‌ಗೆ ಮುಂಚಿನ ಸ್ಪ್ರಿಂಗ್ ಟ್ರೇನಿಂಗ್‌ನಲ್ಲಿ 9 ಹೋಮ್‌ರನ್ ಹೊಡೆದ. ಆದರೂ ಟ್ರಿಪಲ್ ಎ ತಂಡಕ್ಕೆ ಕಳಿಸಿದರು. ಫೀಲ್ಡಿಂಗ್ ಇನ್ನೂ ಸುಧಾರಿಸಬೇಕು ಅಂದರು. ಏಪ್ರಿಲ್ 17ಕ್ಕೆ ಕರೆಸಿದರು, ಎರಡೇ ವಾರದಲ್ಲಿ ಫೀಲ್ಡಿಂಗ್ ಸರಿಹೋಯಿತಂತೆ! ಆ ವರ್ಷ ಅವನ ಲೆಕ್ಕ 171 ದಿನ. ಬೇಕಾದದ್ದು 172. ರೂಕಿ ಆಫ್ ದಿ ಇಯರ್, ಅಂದರೆ ಹೊಸಬರಲ್ಲಿ ವರ್ಷದ ಆಟಗಾರ, ಅವನೇ. ಮುಂದಿನ ವರ್ಷ ಎಂವಿಪಿ, 108 ವರ್ಷ ಆದ ಮೇಲೆ ವರ್ಲ್ಡ್ ಸೀರೀಸ್. ಅವನು ದೂರು ಕೊಟ್ಟ, 2020ರಲ್ಲಿ ಅದು ಬಿದ್ದುಹೋಯಿತು. ಮರುವರ್ಷ ಜುಲೈನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊಗೆ ಕೊಟ್ಟುಬಿಟ್ಟರು.

ಒಂದು ದಿನ ಕಡಿಮೆ ಮಾಡಿ ಒಂದು ವರ್ಷ ಉಳಿಸಿಕೊಂಡರು. ಕೊನೆಗೆ ಆ ವರ್ಷವನ್ನೂ ಪೂರ್ತಿ ಇಟ್ಟುಕೊಳ್ಳಲಿಲ್ಲ.

ಬಾಲ್ಟಿಮೋರ್ ಭಟ್ಟ | 9 ಮೇ 2024

ಬೇಗ ಕರೆಸಿ ಕರೆಸಿ ಅಂತ ಎಲ್ಲರೂ ಹೇಳುತ್ತೀರಿ ಮಾರಾಯ್ರೆ. ನಮ್ಮ ಜ್ಯಾಕ್ಸನ್ ಹಾಲಿಡೇ ಕಥೆ ಕೇಳಿ. 2022ರ ಡ್ರಾಫ್ಟ್‌ನ ಮೊದಲ ಹೆಸರು, ಹಿಂದಿನ ಆಟಗಾರ ಮ್ಯಾಟ್ ಹಾಲಿಡೇ ಮಗ, ವಯಸ್ಸು 20. ಏಪ್ರಿಲ್ 10ಕ್ಕೆ ಬಾಸ್ಟನ್‌ನಲ್ಲಿ ಇಳಿಸಿದರು. 34 ಸಲ ಬ್ಯಾಟ್ ಮಾಡಿ 2 ಹಿಟ್ (ಹೊಡೆದು ಔಟಾಗದೆ ಬೇಸ್ ಸೇರುವುದು), 18 ಸ್ಟ್ರೈಕ್‌ಔಟ್. ತಿಂಗಳು ಮುಗಿಯುವ ಮೊದಲೇ ವಾಪಸ್ ಟ್ರಿಪಲ್ ಎ. ಟಿವಿ ಮುಂದೆ ಕೂತು ಅವನ ಅಪ್ಪ ಅಮ್ಮನಿಗಿಂತ ನಾವೇ ಜಾಸ್ತಿ ಸಂಕಟಪಟ್ಟೆವು.

ಟ್ರಿಪಲ್ ಎಯಲ್ಲಿ ಎಲ್ಲರನ್ನೂ ಚಚ್ಚಿದವನು ಮೇಲೆ ಬಂದು ತಡವರಿಸುವುದು ಹೊಸದಲ್ಲ.

ಮನ್ರೋವಿಲ್ ಮಂಜ | 9 ಮೇ 2024

ಭಟ್ಟರೇ, ನಿಮ್ಮವರು ಗೆಲ್ಲುತ್ತಿದ್ದಾರೆ, ಒಬ್ಬ ಹುಡುಗ ತಡವರಿಸಿದರೂ ನಡೆಯುತ್ತದೆ. ನಮ್ಮದು ಬೇರೆ. ಕೊನೆಯ ವರ್ಲ್ಡ್ ಸೀರೀಸ್ 1979. 1993ರಿಂದ 2012ರವರೆಗೆ ಸತತ 20 ಸೀಸನ್ ಗೆದ್ದದ್ದಕ್ಕಿಂತ ಸೋತದ್ದು ಜಾಸ್ತಿ. 2013ರಿಂದ 15ರವರೆಗೆ ಸ್ವಲ್ಪ ಬೆಳಕು ಬಂತು, ಹೋಯಿತು.

ಗೆರಿಟ್ ಕೋಲ್ ನಮ್ಮವನೇ. 2011ರ ಡ್ರಾಫ್ಟ್‌ನ ಮೊದಲ ಹೆಸರು. 2018ರಲ್ಲಿ ಹ್ಯೂಸ್ಟನ್‌ಗೆ ಕೊಟ್ಟರು. ಮುಂದಿನ ವರ್ಷದ ಕೊನೆಗೆ ಯಾಂಕೀಸ್ ಅವನಿಗೆ 32.4 ಕೋಟಿ ಡಾಲರ್ ಕೊಟ್ಟಿತು. ನಮ್ಮ ತಂಡ ಇಲ್ಲಿಯವರೆಗೆ ಯಾರಿಗಾದರೂ ಕೊಟ್ಟ ಅತಿ ದೊಡ್ಡ ಒಪ್ಪಂದ ಬ್ರಯನ್ ರೆನಾಲ್ಡ್ಸ್‌ದು, 10.675 ಕೋಟಿ. ಹಾಗಾಗಿ ಇಲ್ಲಿ ಒಬ್ಬ ಒಳ್ಳೆಯ ಪಿಚರ್ ಬಂದ ದಿನವೇ ಜನ ಅವನು ಹೋಗುವ ವರ್ಷ ಎಣಿಸುತ್ತಾರೆ.

ಅದಕ್ಕೇ ಆರು ವಾರ ಅಂದರೂ ಹೊಟ್ಟೆ ಉರಿಯುತ್ತದೆ.

ಲೆಕ್ಕದ ಮೇಷ್ಟ್ರು | 9 ಮೇ 2024

ಬ್ರಯಂಟ್ ಕಾಲಕ್ಕೂ ಈಗಿಗೂ ಒಂದು ವ್ಯತ್ಯಾಸ ಇದೆ. 2021ರ ಡಿಸೆಂಬರ್‌ನಿಂದ 99 ದಿನ ಮಾಲೀಕರು ಲಾಕ್‌ಔಟ್ ಮಾಡಿದರಲ್ಲ, ಆಮೇಲೆ ಆಟಗಾರರ ಸಂಘದ ಜೊತೆ ಆದ ಒಪ್ಪಂದದಲ್ಲಿ ಹೊಸ ನಿಯಮ ಸೇರಿಸಿದರು. ರೂಕಿ ಆಫ್ ದಿ ಇಯರ್ ಮತದಾನದಲ್ಲಿ ಮೊದಲ ಎರಡು ಸ್ಥಾನದಲ್ಲಿ ಬಂದ ದೊಡ್ಡ ಪ್ರಾಸ್ಪೆಕ್ಟ್‌ಗೆ (ಭರವಸೆಯ ಹೊಸ ಹುಡುಗನಿಗೆ), ಎಷ್ಟು ದಿನ ತಂಡದಲ್ಲಿದ್ದರೂ ಪೂರ್ತಿ ವರ್ಷದ ಸರ್ವಿಸ್ ಸಿಗುತ್ತದೆ. ಇದು ಒಂದು ಕಡೆ.

ಇನ್ನೊಂದು ಕಡೆ, ಶುರುವಿನಿಂದಲೇ ತಂಡದಲ್ಲಿ ಇಟ್ಟುಕೊಂಡು ಆ ಹುಡುಗ ಪ್ರಶಸ್ತಿ ಗೆದ್ದರೆ ತಂಡಕ್ಕೇ ಒಂದು ಹೆಚ್ಚುವರಿ ಡ್ರಾಫ್ಟ್ ಪಿಕ್, ಅಂದರೆ ಡ್ರಾಫ್ಟ್‌ನಲ್ಲಿ ಇನ್ನೊಬ್ಬನನ್ನು ಆರಿಸುವ ಅವಕಾಶ. ಹುಲಿಯೋ ರೊಡ್ರಿಗೆಸ್‌ನಿಂದ ಸಿಯಾಟಲ್‌ಗೆ ಸಿಕ್ಕಿತು. ಕಳೆದ ವರ್ಷ ಕಾರ್ಬಿನ್ ಕ್ಯಾರಲ್‌ನಿಂದ ಆರಿಜೋನಾಗೆ, ಗನ್ನರ್ ಹೆಂಡರ್ಸನ್‌ನಿಂದ ಭಟ್ಟರ ತಂಡಕ್ಕೆ.

ಅಂದರೆ ಸ್ಕೀನ್ಸ್ ಈಗ ಬಂದು ಎಲ್ಲರನ್ನೂ ಹಿಂದೆ ಹಾಕಿದರೆ ತಂಡ ಉಳಿಸಿಕೊಂಡ ವರ್ಷ ಕೈ ಬಿಟ್ಟು ಹೋಗುತ್ತದೆ. ಪಿಕ್ ಕೂಡ ಸಿಗುವುದಿಲ್ಲ.

ರಿಗ್ಲಿ ರಾಯ | 9 ಮೇ 2024

ಆ ಚಿಂತೆ ಬಿಡಿ ಮೇಷ್ಟ್ರೇ. ರೂಕಿ ಪ್ರಶಸ್ತಿ ನಮ್ಮ ಪಿಚರ್ ಶೋಟಾ ಇಮನಾಗನಿಗೆ. ಇಆರ್‌ಎ ಒಂದರ ಆಸುಪಾಸಿನಲ್ಲಿದೆ. ನಿಮ್ಮ ಹುಡುಗ ಬರುವಷ್ಟರಲ್ಲಿ ಊಟ ಮುಗಿದಿದೆ.

ಧಾರವಾಡ ಪೇಡಾ | 10 ಮೇ 2024

ಎಲ್ಲ ಓದಿದೆ, ಅರ್ಧ ತಿಳಿಯಿತು. ನಡುವೆ ಒಂದು ಕೇಳುತ್ತೇನೆ. ನಮ್ಮ ದೇಶದ ಇಬ್ಬರು ಹುಡುಗರು ಇದೇ ಪೈರೇಟ್ಸ್‌ಗೆ ಹೋಗಿದ್ದರಲ್ಲ, ಅವರು ಮೇಜರ್ ಲೀಗ್‌ಗೆ ಬಂದರೇ?

ಮನ್ರೋವಿಲ್ ಮಂಜ | 10 ಮೇ 2024

ಇಲ್ಲ ಸರ್. ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಉತ್ತರ ಪ್ರದೇಶದ ಹುಡುಗರು, ಭರ್ಚಿ ಎಸೆಯುತ್ತಿದ್ದವರು. ಟಿವಿ ಸ್ಪರ್ಧೆಯಲ್ಲಿ ಗೆದ್ದು ಬಂದರು, 2008ರ ನವೆಂಬರ್‌ನಲ್ಲಿ ಪೈರೇಟ್ಸ್ ಸಹಿ ಹಾಕಿಸಿತು. ದಿನೇಶ್ 2010ರಲ್ಲಿ ವಾಪಸ್ ಹೋದ. ರಿಂಕು ಸಿಂಗಲ್ ಎವರೆಗೆ ಏರಿದ. ಅದೂ ಸಣ್ಣ ಮಾತಲ್ಲ. ಅಲ್ಲಿಂದ ಮೇಲೆ ಹೈ ಎ, ಡಬಲ್ ಎ, ಟ್ರಿಪಲ್ ಎ, ಆಮೇಲೆ ಈ ಮೈದಾನ. ಹೆಚ್ಚಿನವರು ಮಧ್ಯದಲ್ಲೇ ಉಳಿಯುತ್ತಾರೆ.

ಮನ್ರೋವಿಲ್ ಮಂಜ | 11 ಮೇ 2024

ಬೆಳಿಗ್ಗೆ ಪೆನ್ ಹಿಲ್ಸ್ ವೆಂಕಟೇಶ್ವರನ ದರ್ಶನ, ಪುಳಿಯೋಗರೆ. ಈಗ ಕ್ಲೆಮೆಂಟಿ ಸೇತುವೆ ಮೇಲೆ ನಡೆದು ಮೈದಾನಕ್ಕೆ. ಸೇತುವೆ ತುಂಬಾ ಜನ. ಇಷ್ಟು ಜನವನ್ನು ಮೇ ತಿಂಗಳಲ್ಲಿ ನೋಡಿದ ನೆನಪಿಲ್ಲ.

ಇಂಡಿ ಇಂದಿರಾ | 11 ಮೇ 2024

ಟಿವಿ ಹಾಕಿದೆ. ನೂರು, ನೂರೊಂದು ಅಂತ ತೋರಿಸುತ್ತಿದೆ. ಇಲ್ಲಿ ನೋಡಿದ ಹುಡುಗನೇ ಹೌದು.

ಧಾರವಾಡ ಪೇಡಾ | 11 ಮೇ 2024

ಇಲ್ಲಿ ನಡುರಾತ್ರಿ ದಾಟಿದೆ. ಆ ಫಾಸ್ಟ್‌ಬಾಲ್ ಸರಿ, ಕೊನೆಗೆ ದಬಕ್ಕನೆ ಕೆಳಗೆ ಬೀಳುವ ಇನ್ನೊಂದು ಯಾವುದು? ಅದೂ ತುಂಬಾ ಜೋರಾಗಿಯೇ ಬರುತ್ತಿದೆ.

ಲೆಕ್ಕದ ಮೇಷ್ಟ್ರು | 11 ಮೇ 2024

ಸ್ಪ್ಲಿಂಕರ್ ಅನ್ನುತ್ತಾರೆ. ಸಿಂಕರ್ ಅನ್ನುವ ಎಸೆತದ ವೇಗ, ಸ್ಪ್ಲಿಟರ್ ಅನ್ನುವ ಎಸೆತದ ಥರ ಬೀಳುತ್ತದೆ. ಎಸೆಯುವ ಜಾಗದಿಂದ ಬ್ಯಾಟರ್ ಮುಂದಿನ ಪ್ಲೇಟ್‌ಗೆ 60 ಅಡಿ 6 ಇಂಚು. 100 ಮೈಲಿ ಚೆಂಡು ಅಷ್ಟು ದೂರ ಬರೋಕೆ 0.4 ಸೆಕೆಂಡ್. ಬ್ಯಾಟ್ ಬೀಸಬೇಕಾ ಬೇಡವಾ ಅಂತ ಅದರ ಅರ್ಧ ಹೊತ್ತಿನಲ್ಲೇ ತೀರ್ಮಾನ ಆಗಬೇಕು.

ಮನ್ರೋವಿಲ್ ಮಂಜ | 12 ಮೇ 2024

ಮನೆ ಸೇರಿದಾಗ ತಡರಾತ್ರಿ. ಈಗ ಬರೆಯುತ್ತಿದ್ದೇನೆ.

ನಾಲ್ಕು ಇನಿಂಗ್ಸ್ ಭರ್ಜರಿ. 7 ಸ್ಟ್ರೈಕ್‌ಔಟ್. 84 ಎಸೆತದಲ್ಲಿ 17 ಎಸೆತ 100 ಮೈಲಿ ಅಥವಾ ಮೇಲೆ. ಕಬ್ಸ್‌ನ ನೀಕೊ ಹೋರ್ನರ್ ಒಂದು ಹೋಮ್‌ರನ್ ಹೊಡೆದ, ಹೋಗಲಿ. ಐದನೇ ಇನಿಂಗ್ಸ್‌ನಲ್ಲಿ ಇಬ್ಬರು ಬೇಸ್ ಮೇಲೆ ಇದ್ದಾಗ ಮ್ಯಾನೇಜರ್ ಶೆಲ್ಟನ್ ಬಂದು ಚೆಂಡು ತೆಗೆದುಕೊಂಡರು. ಮೈದಾನ ಪೂರ್ತಿ ಎದ್ದು ನಿಂತು ಚಪ್ಪಾಳೆ. ಆಗ ನಾವು 6-1 ಮುಂದೆ.

ಆಮೇಲೆ ಬುಲ್‌ಪೆನ್, ಅಂದರೆ ಬದಲಿ ಪಿಚರ್‌ಗಳು, ಬಂತು. ಬೇಸ್ ತುಂಬಿರುವಾಗ ವಾಕ್. ಮತ್ತೆ ವಾಕ್. ಮತ್ತೂ ವಾಕ್! ಬ್ಯಾಟ್ ಬೀಸದೆಯೇ ಕಬ್ಸ್‌ನವರು ಒಬ್ಬರ ಹಿಂದೆ ಒಬ್ಬರು ಹೋಮ್ ಪ್ಲೇಟ್ ಸೇರಿ ರನ್ ಮಾಡುತ್ತಿದ್ದರು. ಸ್ಕೀನ್ಸ್ ಬಿಟ್ಟುಹೋದ ಇಬ್ಬರೂ ಹಾಗೇ ಬಂದರು, ಅವನ ಲೆಕ್ಕಕ್ಕೆ 3 ರನ್. ಅಷ್ಟರಲ್ಲಿ ಮಳೆ. ಎರಡು ಗಂಟೆಗೂ ಜಾಸ್ತಿ ಆಟ ನಿಂತಿತು. ಕೊನೆಗೆ 10-9 ಗೆದ್ದೆವು. ಗೆಲುವು ಸ್ಕೀನ್ಸ್ ಹೆಸರಿಗೆ ಬರಲಿಲ್ಲ.

ಆಟದ ಮಧ್ಯೆ ಪಿಯೆರೋಗಿ ವೇಷ ಹಾಕಿ ಓಡುತ್ತಾರಲ್ಲ, ನಮ್ಮ ಕಡುಬಿಗೆ ಕೈಕಾಲು ಬಂದ ಹಾಗೆ ಕಾಣುತ್ತದೆ, ಅವರನ್ನೇ ಕರೆದು ಪಿಚ್ ಮಾಡಿಸಿದ್ದರೂ ಬುಲ್‌ಪೆನ್‌ಗಿಂತ ಚೆನ್ನಾಗಿ ಹಾಕುತ್ತಿದ್ದರು.

ರಿಗ್ಲಿ ರಾಯ | 12 ಮೇ 2024

ನಿಮ್ಮ ಬುಲ್‌ಪೆನ್‌ಗೆ ಕಬ್ಸ್ ಪರವಾಗಿ ಧನ್ಯವಾದ. ಹುಡುಗ ಮಾತ್ರ ನಿಜವಾಗಿ ಭಯ ಹುಟ್ಟಿಸುತ್ತಾನೆ. ಶುಕ್ರವಾರ ನಮ್ಮ ರಿಗ್ಲಿ ಮೈದಾನದಲ್ಲಿ ಮತ್ತೆ ಅವನೇ ಅಂತೆ. ನಮ್ಮವರು ಒಂದು ಸಲ ನೋಡಿದ್ದಾರೆ, ಈ ಸಲ ಹೊಡೆಯುತ್ತಾರೆ.

ರಿಗ್ಲಿ ರಾಯ | 17 ಮೇ 2024

ಮೊದಲ ಏಳು ಜನ ಸಾಲಾಗಿ ಸ್ಟ್ರೈಕ್‌ಔಟ್. 6 ಇನಿಂಗ್ಸ್, ಒಂದೂ ಹಿಟ್ ಇಲ್ಲ, 11 ಸ್ಟ್ರೈಕ್‌ಔಟ್. 9-3 ಸೋತೆವು. ಸ್ಟ್ಯಾಂಡ್‌ನಲ್ಲಿ ಪಕ್ಕದಲ್ಲಿದ್ದ ಅಜ್ಜ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಾನು ಇನ್ನೇನೂ ಹೇಳುವುದಿಲ್ಲ.

ಫಿಸಿಯೋ ಅಕ್ಕ | 18 ಮೇ 2024

100 ಎಸೆತಕ್ಕೆ ನಿಲ್ಲಿಸಿದ್ದು ಗಮನಿಸಿ. ನೋ-ಹಿಟರ್ (ಪೂರ್ತಿ ಪಂದ್ಯ ಒಂದೂ ಹಿಟ್ ಕೊಡದಿರುವುದು) ನಡೆಯುತ್ತಿದ್ದರೂ ನಿಲ್ಲಿಸಿದರು. ಇಂಡಿಯಾನಾಪೊಲಿಸ್‌ನಲ್ಲಿ ಮಾಡಿದ ಎಣಿಕೆ ಇಲ್ಲಿಗೂ ಬಂದಿದೆ.

ಬಾಲ್ಟಿಮೋರ್ ಭಟ್ಟ | 12 ಜುಲೈ 2024

ನಿನ್ನೆ ಮಿಲ್ವಾಕಿಯಲ್ಲಿ ಸ್ಕೀನ್ಸ್‌ದು ಮತ್ತೆ ಅದೇ ಕಥೆ ನೋಡಿದಿರಾ? 7 ಇನಿಂಗ್ಸ್, ಹಿಟ್ ಇಲ್ಲ, 11 ಸ್ಟ್ರೈಕ್‌ಔಟ್, 99 ಎಸೆತ. ಸಾಕು ಅಂದರು. ಎಂಟನೇ ಇನಿಂಗ್ಸ್‌ನಲ್ಲಿ ಬೇರೆಯವನು ಬಂದು ಹಿಟ್ ಕೊಟ್ಟ. ಪಂದ್ಯ 1-0. ನಾನಾಗಿದ್ದರೆ ಬಿಡುತ್ತಿದ್ದೆ. ಜೀವನದಲ್ಲಿ ಎಷ್ಟು ಸಲ ಆ ಅವಕಾಶ ಬರುತ್ತದೆ?

ಫಿಸಿಯೋ ಅಕ್ಕ | 12 ಜುಲೈ 2024

ಆ ಕೈ ಇದ್ದರೆ ಇನ್ನೂ ಹಲವು ಸಲ ಬರುತ್ತದೆ ಭಟ್ಟರೇ.

ಇಂಡಿ ಇಂದಿರಾ | 16 ಜುಲೈ 2024

ಆಲ್‌ಸ್ಟಾರ್ ಪಂದ್ಯ ಶುರು ಮಾಡಿದ್ದೇ ಸ್ಕೀನ್ಸ್! ಮೇಜರ್ ಲೀಗ್‌ಗೆ ಬಂದು 11 ಪಂದ್ಯ ಅಷ್ಟೇ ಆಗಿತ್ತು. ರೂಕಿಯೊಬ್ಬ ಹೀಗೆ ಶುರು ಮಾಡಿದ್ದು 1995ರಲ್ಲಿ ಹಿದಿಯೋ ನೊಮೊ ಆದ ಮೇಲೆ ಈಗಲೇ ಅಂತೆ. ಯಾಂಕೀಸ್‌ನ ಹ್ವಾನ್ ಸೋಟೊಗೆ ವಾಕ್ ಕೊಟ್ಟ, ಆರನ್ ಜಡ್ಜ್‌ನನ್ನು ಔಟ್ ಮಾಡಿದ. ನನ್ನ ಮಗ ಈಗ ಮೂರು ಇನಿಂಗ್ಸ್‌ನ ಹಳೆ ಟಿಕೆಟ್ ಹುಡುಕುತ್ತಿದ್ದಾನೆ.

ಲೆಕ್ಕದ ಮೇಷ್ಟ್ರು | 18 ನವೆಂಬರ್ 2024

ಹಳೆ ಚರ್ಚೆ ಎಬ್ಬಿಸುತ್ತಿದ್ದೇನೆ. ಸ್ಕೀನ್ಸ್ ನ್ಯಾಷನಲ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗದಲ್ಲಿ ಒಂದು) ರೂಕಿ ಆಫ್ ದಿ ಇಯರ್. 30ರಲ್ಲಿ 23 ಮೊದಲ ಮತ. ಉಳಿದ 7 ಸ್ಯಾನ್ ಡಿಯಾಗೊದ ಜ್ಯಾಕ್ಸನ್ ಮೆರಿಲ್‌ಗೆ. 23 ಪಂದ್ಯ, 133 ಇನಿಂಗ್ಸ್, 11 ಗೆಲುವು 3 ಸೋಲು, 170 ಸ್ಟ್ರೈಕ್‌ಔಟ್, ಇಆರ್‌ಎ 1.96.

ಈಗ ಮೇ 9ರ ಲೆಕ್ಕಕ್ಕೆ ಬನ್ನಿ. ಪ್ರಶಸ್ತಿ ಬಂತು, ಹಾಗಾಗಿ ಪೂರ್ತಿ ವರ್ಷದ ಸರ್ವಿಸ್ ಬಂತು. 2030 ಅಂದಿದ್ದು ಮತ್ತೆ 2029. ಶುರುವಿನಿಂದ ತಂಡದಲ್ಲಿ ಇರಲಿಲ್ಲ, ಹಾಗಾಗಿ ಪೈರೇಟ್ಸ್‌ಗೆ ಡ್ರಾಫ್ಟ್ ಪಿಕ್ ಇಲ್ಲ. ಮಾರ್ಚ್‌ನಲ್ಲೇ ಕರೆಸಿದ್ದರೆ ಹೋಗುವ ವರ್ಷ ಹೇಗೂ ಹೋಗುತ್ತಿತ್ತು, ಪಿಕ್ ಆದರೂ ಉಳಿಯುತ್ತಿತ್ತು.

ಮನ್ರೋವಿಲ್ ಮಂಜ | 18 ನವೆಂಬರ್ 2024

ಇದಕ್ಕಿಂತ ಒಳ್ಳೆಯ ಸುದ್ದಿ ಈ ವರ್ಷ ಕೇಳಿಲ್ಲ, ಇದಕ್ಕಿಂತ ಕೆಟ್ಟ ಸುದ್ದಿಯೂ ಕೇಳಿಲ್ಲ. ಹುಡುಗನಿಗೆ ನ್ಯಾಯ ಸಿಕ್ಕಿತು. ನನಗೆ ಒಂದು ವರ್ಷ ಕಡಿಮೆ ಆಯಿತು.

ಫಿಸಿಯೋ ಅಕ್ಕ | 19 ನವೆಂಬರ್ 2024

ನಾನು ಇನ್ನೊಂದು ಕೂಡಿಸುತ್ತೇನೆ. ಟ್ರಿಪಲ್ ಎಯಲ್ಲಿ 27, ಮೇಲೆ 133. ಒಟ್ಟು 160 ಇನಿಂಗ್ಸ್. ಸ್ಟ್ರಾಸ್‌ಬರ್ಗ್‌ನನ್ನು ನಿಲ್ಲಿಸಿದ್ದು 159ಕ್ಕೆ. ಆಗ ಅವರು ಏಪ್ರಿಲ್‌ನಲ್ಲಿ ಧಾರಾಳವಾಗಿ ಖರ್ಚು ಮಾಡಿ ಸೆಪ್ಟೆಂಬರ್‌ನಲ್ಲಿ ಬೀಗ ಹಾಕಿದರು. ಪೈರೇಟ್ಸ್ ಏಪ್ರಿಲ್‌ನಲ್ಲಿ ಉಳಿಸಿ ಸೆಪ್ಟೆಂಬರ್ ಕೊನೆವರೆಗೆ ಆಡಿಸಿತು. ಡ್ರಾಫ್ಟ್ ಪಿಕ್ ಹೋಯಿತು, ಸರಿ. ಕೈ ಇದೆ. ಪಿಕ್‌ನಿಂದ ಇಂಥ ಕೈ ಮತ್ತೆ ಸಿಗುತ್ತದೆ ಅಂತ ಯಾರು ಹೇಳಿದರು?

ರಿಗ್ಲಿ ರಾಯ | 19 ನವೆಂಬರ್ 2024

ಇಮನಾಗ ಬಗ್ಗೆ ಯಾರೂ ಕೇಳಬೇಡಿ.

ಧಾರವಾಡ ಪೇಡಾ | 22 ಮಾರ್ಚ್ 2025

ಸ್ಕೀನ್ಸ್‌ನ ಮೊದಲ ಪಂದ್ಯದ ಅಂಗಿ ತೋಳಿನ ಪಟ್ಟಿ ಅಂಟಿಸಿದ ಬೇಸ್‌ಬಾಲ್ ಕಾರ್ಡ್ 11 ಲಕ್ಷ ಡಾಲರ್‌ಗೆ ಹೋಯಿತಂತೆ, ನಿಜವೇನ್ರೀ?

ಮನ್ರೋವಿಲ್ ಮಂಜ | 22 ಮಾರ್ಚ್ 2025

ನಿಜ ಸರ್. ಮೊದಲ ಪಂದ್ಯ ಆಡುವವರ ತೋಳಿಗೆ ಒಂದು ಪಟ್ಟಿ ಹೊಲಿಯುತ್ತಾರೆ, ಆಮೇಲೆ ಅದನ್ನು ತೆಗೆದು ಕಾರ್ಡ್‌ನಲ್ಲಿ ಹಾಕುತ್ತಾರೆ. ಜಗತ್ತಿಗೆ ಒಂದೇ ಕಾರ್ಡ್. ಲಾಸ್ ಏಂಜಲಿಸ್‌ನ 11 ವರ್ಷದ ಹುಡುಗನಿಗೆ ಸಿಕ್ಕಿತು. ಪೈರೇಟ್ಸ್ ಅದಕ್ಕೆ 30 ವರ್ಷದ ಸೀಸನ್ ಟಿಕೆಟ್ ಕೊಡುತ್ತೇವೆ ಅಂದಿತು. ಮನೆಯವರು ಒಪ್ಪದೆ ಹರಾಜಿಗೆ ಹಾಕಿದರು. 11.1 ಲಕ್ಷ ಡಾಲರ್. ಕೊಂಡದ್ದು ಕ್ರೀಡಾ ಸಾಮಾನು ಮಾರುವ ಡಿಕ್ಸ್ ಅಂಗಡಿಯವರು, ಇಲ್ಲೇ ಪಿಟ್ಸ್‌ಬರ್ಗ್ ಪಕ್ಕದವರು. ಕಳೆದ ವರ್ಷ ಸ್ಕೀನ್ಸ್‌ಗೆ ತಂಡದ ಸಂಬಳ ಈ ಕಾರ್ಡ್‌ಗಿಂತ ಕಡಿಮೆ. ಹೊಸಬರಿಗೆ ಅಂತ ಲೀಗ್ ಇಟ್ಟಿರುವ ಬೋನಸ್ ಹಣದಲ್ಲಿ 21 ಲಕ್ಷ ಚಿಲ್ಲರೆ ಬಂದದ್ದೇ ದೊಡ್ಡದು.

30 ವರ್ಷ ನಮ್ಮ ತಂಡ ನೋಡುವ ಶಿಕ್ಷೆ ಬೇಡ ಅಂದ ಆ ಹುಡುಗ ಜಾಣ.

ಫಿಸಿಯೋ ಅಕ್ಕ | 22 ಮೇ 2025

ಜೇರಡ್ ಜೋನ್ಸ್‌ಗೆ ಮೊಣಕೈ ಸರ್ಜರಿ ಆಗಿದೆ. ಕಳೆದ ವರ್ಷದ ವಾದ ಗೆಲ್ಲೋಕೆ ಇದನ್ನು ಬರೆಯುತ್ತಿಲ್ಲ. ಅವನನ್ನೂ ಜೋಪಾನವಾಗಿಯೇ ನೋಡಿಕೊಂಡಿದ್ದರು. ಬೇಗ ಹುಷಾರಾಗಲಿ.

ಮನ್ರೋವಿಲ್ ಮಂಜ | 13 ನವೆಂಬರ್ 2025

ಸ್ಕೀನ್ಸ್‌ಗೆ ಸೈ ಯಂಗ್ ಪ್ರಶಸ್ತಿ, ಲೀಗ್‌ನ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವುದು. ಎಲ್ಲ 30 ಮೊದಲ ಮತವೂ ಅವನಿಗೇ. ಪೈರೇಟ್ಸ್ ಇತಿಹಾಸದಲ್ಲಿ ಮೂರನೆಯವನು. 1960ರಲ್ಲಿ ವರ್ನ್ ಲಾ, 1990ರಲ್ಲಿ ಡಗ್ ಡ್ರೇಬೆಕ್, ಈಗ ಇವನು.

ಆದರೆ ಈ ವರ್ಷದ ಅಂಕಿ ನೋಡಿ. ಇಆರ್‌ಎ 1.97. 216 ಸ್ಟ್ರೈಕ್‌ಔಟ್. ಗೆಲುವು 10, ಸೋಲು 10. ಎರಡು ರನ್ ಕೂಡ ಕೊಡದವನು ಅರ್ಧ ಸೋಲುತ್ತಾನೆ ಅಂದರೆ ತಂಡ ಎಷ್ಟು ಹೊಡೆಯಿತು ಅಂತ ನೀವೇ ಊಹಿಸಿ. ಮ್ಯಾನೇಜರ್ ಶೆಲ್ಟನ್‌ರನ್ನು ಮೇ ತಿಂಗಳಲ್ಲೇ ತೆಗೆದರು. ತಂಡ 71-91. ಆರು ವಾರದ ಬಗ್ಗೆ ನಾವು ಇಲ್ಲಿ ಅಷ್ಟು ಕಿತ್ತಾಡಿದೆವು. ಬಂದ ಮೇಲೆ ಎರಡು ಸೀಸನ್ ಆಯಿತು, ಅವನಿಗೊಂದು ಪ್ಲೇಆಫ್ ಪಂದ್ಯ ಸಿಕ್ಕಿಲ್ಲ. 2029ಕ್ಕೆ ಇನ್ನು ನಾಲ್ಕೇ ಸೀಸನ್.

ಬಾಲ್ಟಿಮೋರ್ ಭಟ್ಟ | 13 ನವೆಂಬರ್ 2025

ಹಾಗಾದರೆ ಬ್ಯಾಟ್ ತನ್ನಿ. ಆ ಕಾನರ್ ಗ್ರಿಫಿನ್ ಎಲ್ಲಿದ್ದಾನೆ?

ಮನ್ರೋವಿಲ್ ಮಂಜ | 13 ನವೆಂಬರ್ 2025

ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್), ವಯಸ್ಸು 19. ಮಿಸಿಸಿಪಿಯ ಹೈಸ್ಕೂಲಿನಿಂದ ನೇರ ಬಂದವನು, 2024ರ ಡ್ರಾಫ್ಟ್‌ನಲ್ಲಿ ಒಂಬತ್ತನೆಯವನು. ಒಂದೇ ವರ್ಷದಲ್ಲಿ ಮೂರು ಮೈನರ್ ಲೀಗ್ ತಂಡ: ಬ್ರೇಡೆಂಟನ್, ಗ್ರೀನ್ಸ್‌ಬರೊ, ಆಲ್ಟೂನ. ಹೊಡೆಯುತ್ತಾನೆ, ಓಡುತ್ತಾನೆ, ಹಿಡಿಯುತ್ತಾನೆ. ಮಾರ್ಚ್‌ನಲ್ಲೇ ಕರೆಸಿ ಅಂತ ನನ್ನ ಮತ.

ಇಂಡಿ ಇಂದಿರಾ | 14 ನವೆಂಬರ್ 2025

ನಮ್ಮೂರಿಗೆ ಒಂದೆರಡು ತಿಂಗಳು ಕಳಿಸಿ ಮಂಜಣ್ಣ. ಟ್ರಿಪಲ್ ಎ ಆಡದೆ ಹೇಗೆ? ಹಾಲಿಡೇ ಕಥೆ ಭಟ್ಟರೇ ಹೇಳಿದ್ದರು.

ಬಾಲ್ಟಿಮೋರ್ ಭಟ್ಟ | 14 ನವೆಂಬರ್ 2025

ಹೇಳಿದ್ದು ಹೌದು. ಆದರೆ ಅದೇ 2024ರ ಜುಲೈ 31ಕ್ಕೆ ವಾಪಸ್ ಬಂದು ಅವನ ಮೊದಲ ಹೋಮ್‌ರನ್ನೇ ಗ್ರ್ಯಾಂಡ್ ಸ್ಲ್ಯಾಮ್ (ಬೇಸ್ ತುಂಬಿರುವಾಗಿನ ಹೋಮ್‌ರನ್) ಹೊಡೆದ. ಅಷ್ಟು ಒದ್ದಾಡಿದ್ದಕ್ಕೆ ಏನೂ ಹಾಳಾಗಲಿಲ್ಲ.

ಲೆಕ್ಕದ ಮೇಷ್ಟ್ರು | 14 ನವೆಂಬರ್ 2025

ಲೆಕ್ಕ ಬೇಕಾದವರಿಗೆ: ಗ್ರಿಫಿನ್ ಶುರುವಿನಿಂದ ತಂಡದಲ್ಲಿದ್ದು ಪ್ರಶಸ್ತಿ ಗೆದ್ದರೆ ಪಿಕ್ ಸಿಗುತ್ತದೆ. ತಡವಾಗಿ ಬಂದು ಗೆದ್ದರೆ ವರ್ಷ ಹೋಗುತ್ತದೆ, ಪಿಕ್ ಇಲ್ಲ. ತಡವಾಗಿ ಬಂದು ಸುಮಾರಾಗಿ ಆಡಿದರೆ ಮಾತ್ರ ಕಾದದ್ದಕ್ಕೆ ಲಾಭ. ಅಂದರೆ ಹುಡುಗ ಚೆನ್ನಾಗಿ ಆಡದಿರಲಿ ಅಂತ ತಂಡವೇ ಪಣ ಕಟ್ಟಿದ ಹಾಗೆ. ಅದೂ ಅಲ್ಲದೆ ಈಗಿನ ಒಪ್ಪಂದ ಮುಗಿಯುವುದು 2026ರ ಡಿಸೆಂಬರ್ 1ಕ್ಕೆ. ಆಮೇಲೆ ನಿಯಮವೇ ಬದಲಾಗಬಹುದು.

ಧಾರವಾಡ ಪೇಡಾ | 14 ನವೆಂಬರ್ 2025

ಮೊದಲ ಪಂದ್ಯ ಯಾವತ್ತು? ಯಾರ ಎದುರು? ರಜೆ ಹಾಕಬೇಕಾ ನೋಡುತ್ತೇನೆ.

ಮನ್ರೋವಿಲ್ ಮಂಜ | 14 ನವೆಂಬರ್ 2025

ಮಾರ್ಚ್ 26, ಗುರುವಾರ. ನ್ಯೂಯಾರ್ಕ್‌ನಲ್ಲಿ ಮೆಟ್ಸ್ ಎದುರು. ನಿಮ್ಮಲ್ಲಿ ರಾತ್ರಿ ಆಗಿರುತ್ತದೆ, ರಜೆ ಬೇಕಾಗುವುದು ಮರುದಿನಕ್ಕೆ. ಕೈ ಸರಿಯಿದ್ದರೆ ಸ್ಕೀನ್ಸೇ ಪಿಚ್ ಮಾಡುತ್ತಾನೆ. ಶಾರ್ಟ್‌ಸ್ಟಾಪ್‌ನಲ್ಲಿ ಯಾರು ನಿಂತಿದ್ದಾರೆ ಅಂತ ಮೊದಲು ನೋಡಿ.